ಮೈನಸ್ ನಲವತ್ತರ ಊರಿನಲ್ಲಿ ಹಿರಿಯ ಮಿಷನರಿ ದಂಪತಿಯ ದಿನಚರಿ

ಪ್ರಶ್ನೆ: ಅರಿಜೋನಾದಲ್ಲಿ ನನ್ನೊಡನೆ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಸಹೋದ್ಯೋಗಿಯೊಬ್ಬರು ಮಾರ್ಮನ್ನರೆಂದು ಹೆಸರಾದ ಕ್ರೈಸ್ತ ಪಂಥಕ್ಕೆ, ಅಂದರೆ ಲ್ಯಾಟರ್-ಡೇ ಸೇಂಟ್ಸ್ ಸಭೆಗೆ ಸೇರಿದವರು. ಅವರಿಗೆ 68 ವರ್ಷ, ಅವರ ಪತ್ನಿಗೆ 65. ಇಬ್ಬರೂ 18 ತಿಂಗಳ ಮಿಷನರಿ ಸೇವೆಗೆ ಹೆಸರು ಕೊಡಲು ಹೊರಟಿದ್ದಾರೆ. ಅಲಾಸ್ಕಾದಲ್ಲಿ, ಅದೂ ಫೇರ್‌ಬ್ಯಾಂಕ್ಸ್ ಕಡೆ, ಹಿರಿಯ ದಂಪತಿಯ ಅಗತ್ಯವಿದೆ ಎಂದು ತಿಳಿದು ಅತ್ತಲೇ ಮನಸ್ಸು ಮಾಡಿದ್ದಾರೆ. ಮರುಭೂಮಿಯಲ್ಲೇ ಬಾಳಿದ ಇವರು ಆ ಚಳಿಯಲ್ಲಿ ದಿನವಿಡೀ ಏನು ಮಾಡುತ್ತಾರೆ? ಈ ವಯಸ್ಸಿನಲ್ಲಿ ಮನೆ ಮನೆಯ ಬಾಗಿಲು ತಟ್ಟಬೇಕೇ? ಆರೋಗ್ಯದ ಗತಿ ಏನು, ಖರ್ಚು ಯಾರದು? ಅವರಿಗೆ ಹೇಳಬಹುದಾದ ಉಪಯೋಗದ ಮಾತಿದ್ದರೆ ತಿಳಿಸಿ.

ಉತ್ತರ: ಬಾಗಿಲು ತಟ್ಟುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಅಲ್ಲಿಯೇ. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಹೆಸರುಫಲಕ ಧರಿಸಿ ಇಬ್ಬಿಬ್ಬರಾಗಿ ಬೀದಿಯಲ್ಲಿ ನಡೆಯುವ ತರುಣರನ್ನು ಕಂಡು ಕಂಡು, ಮಿಷನರಿಗಳೆಂದರೆ ಅವರೇ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಆ ಸಭೆಯಲ್ಲಿ ತರುಣರು ಎರಡು ವರ್ಷ, ತರುಣಿಯರು 18 ತಿಂಗಳು ಸೇವೆ ಸಲ್ಲಿಸುತ್ತಾರೆ. ಏಳುವ ಹೊತ್ತು, ಓದುವ ಹೊತ್ತು, ಮಲಗುವ ಹೊತ್ತು ಎಲ್ಲಕ್ಕೂ ಅವರಿಗೆ ಕಟ್ಟುಪಾಡುಂಟು. ಹಿರಿಯ ದಂಪತಿಯ ವ್ಯವಸ್ಥೆಯೇ ಬೇರೆ. ಅವರು 6, 12, 18 ಅಥವಾ 23 ತಿಂಗಳ ಅವಧಿಯನ್ನು ಆರಿಸಿಕೊಳ್ಳಬಹುದು, ದಿನದ ವೇಳಾಪಟ್ಟಿಯನ್ನು ತಮ್ಮ ದೇಹಕ್ಕೆ ಒಗ್ಗುವಂತೆ ಇಟ್ಟುಕೊಳ್ಳಬಹುದು, ಮತ್ತು ಮನೆ ಮನೆಗೆ ಹೋಗಿ ಅಪರಿಚಿತರ ಬಾಗಿಲು ತಟ್ಟಬೇಕೆಂದು ಅವರಿಂದ ಯಾರೂ ನಿರೀಕ್ಷಿಸುವುದಿಲ್ಲ. ತರುಣರಂತೆಯೇ ಇವರನ್ನೂ ‘ಎಲ್ಡರ್’, ‘ಸಿಸ್ಟರ್’ ಎಂದು ಕರೆಯುತ್ತಾರೆ, ಹೆಸರುಫಲಕವೂ ಅದೇ ಬಗೆಯದು; ಸಾಮ್ಯ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ.

ಹಾಗಾದರೆ ಅವರು ಮಾಡುವುದೇನು? ಕೆಲವರು ಮಿಷನ್ ಕಚೇರಿಯಲ್ಲಿ ಲೆಕ್ಕಪತ್ರ, ವಾಹನ, ತರುಣ ಮಿಷನರಿಗಳ ಬಾಡಿಗೆ ಮನೆಗಳ ವ್ಯವಹಾರ ನೋಡಿಕೊಳ್ಳುತ್ತಾರೆ. ಕೆಲವರು ದೇವಾಲಯದಲ್ಲಿ, ವಂಶಾವಳಿ ಕೇಂದ್ರಗಳಲ್ಲಿ, ಪರಿಹಾರ ಕಾರ್ಯಗಳಲ್ಲಿ ದುಡಿಯುತ್ತಾರೆ. ಅಲಾಸ್ಕಾದ ಮಿಷನ್ ಕಚೇರಿ ಆಂಕರೇಜ್‌ನಲ್ಲಿದೆ. ಫೇರ್‌ಬ್ಯಾಂಕ್ಸ್‌ನಂಥ ದೂರದ ಊರಿಗೆ ಕಳುಹಿಸುವ ದಂಪತಿಗೆ ಸಾಮಾನ್ಯವಾಗಿ ವಹಿಸುವುದು ಸ್ಥಳೀಯ ಸದಸ್ಯರಿಗೂ ಸಭೆಯ ಮುಖ್ಯಸ್ಥರಿಗೂ ಬೆನ್ನಾಸರೆಯಾಗಿ ನಿಲ್ಲುವ ಕೆಲಸವನ್ನು. ಬಹುದಿನದಿಂದ ಭಾನುವಾರದ ಕೂಟಕ್ಕೆ ಬಾರದವರನ್ನು ಕಂಡು ಬರುವುದು, ಒಂಟಿ ಮುದುಕಿಯೊಬ್ಬಳ ಮನೆಯಲ್ಲಿ ಒಂದು ಗಂಟೆ ಕುಳಿತು ಬರುವುದು, ಪಿಯಾನೋ ನುಡಿಸುವವರಿಲ್ಲದ ಕಡೆ ನುಡಿಸುವುದು, ಹದಿನೆಂಟು ಹತ್ತೊಂಬತ್ತರ ಹುಡುಗರ ಬಾಡಿಗೆ ಮನೆಯಲ್ಲಿ ಕೊಳಾಯಿ ಹೆಪ್ಪುಗಟ್ಟಿದೆಯೇ, ಹೊಗೆ ಪತ್ತೆ ಮಾಡುವ ಯಂತ್ರ ನಡೆಯುತ್ತಿದೆಯೇ ಎಂದು ನೋಡುವುದು. ಇದಕ್ಕೆಲ್ಲ ಒಟ್ಟಾಗಿ ಒಪ್ಪುವ ಮಾತು ನಮ್ಮಲ್ಲಿದೆ: ವಿಚಾರಿಸಿಕೊಳ್ಳುವುದು. ಹಿರಿಯ ದಂಪತಿಯ ಮಿಷನ್ ಎಂದರೆ ಪ್ರಚಾರಕ್ಕಿಂತ ವಿಚಾರಿಸಿಕೊಳ್ಳುವುದೇ ಹೆಚ್ಚು, ಮತ್ತು ಚಳಿ ಕಡಿದಷ್ಟೂ ಆ ಕೆಲಸದ ಬೆಲೆ ಏರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಎರಡನೆಯ ದರ್ಜೆಯ ಸೇವೆಯೆಂದು ತಿಳಿಯುವವರೂ ಇದ್ದಾರೆ. ಅಂಥವರು ಮಂಗೋಲಿಯದ ಉದಾಹರಣೆಯನ್ನು ನೆನೆಯಬಹುದು: ಜಗತ್ತಿನ ಅತಿ ಶೀತಲ ರಾಜಧಾನಿಯೆನಿಸಿದ ಉಲಾನ್‌ಬಾತರ್‌ಗೆ 1992ರಲ್ಲಿ ಈ ಸಭೆ ಮೊದಲು ಕಳುಹಿಸಿದ್ದು ತರುಣರನ್ನಲ್ಲ, ಅಲ್ಲಿನ ಉನ್ನತ ಶಿಕ್ಷಣಕ್ಕೆ ನೆರವಾಗಲೆಂದು ಆರು ಹಿರಿಯ ದಂಪತಿಗಳನ್ನು.

ಇನ್ನು ಊರಿನ ವಿಷಯ. ಫೇರ್‌ಬ್ಯಾಂಕ್ಸ್ ಸುಮಾರು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರದಿಂದ ದೂರ, ಗುಡ್ಡಗಳು ಮೂರು ಕಡೆ ಸುತ್ತುವರಿದ ಬಟ್ಟಲಿನ ತಳದಂಥ ಜಾಗದಲ್ಲಿದೆ. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 22 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಪ್ರತಿ ಚಳಿಗಾಲದಲ್ಲೂ ಮೈನಸ್ 40ನ್ನು ಮುಟ್ಟುವ ದಿನಗಳು ಬರಬಹುದು. ಆ ಒಂದು ಅಂಕಿಯ ಬಗ್ಗೆ ಮಾತ್ರ ಅಲ್ಲಿನವರೊಡನೆ ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಎಂಬ ಚರ್ಚೆಗೆ ಎಡೆಯಿಲ್ಲ, ಎರಡೂ ಮಾಪಕಗಳು ಅಲ್ಲಿ ಒಂದಾಗುತ್ತವೆ. ಗಾಳಿ ಬೀಸದ ದಿನಗಳಲ್ಲಿ ಭಾರವಾದ ತಣ್ಣನೆಯ ಗಾಳಿ ತಗ್ಗಿಗಿಳಿದು ಅಲ್ಲೇ ನಿಂತುಬಿಡುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ಕೆಳಗಿನ ಊರಿಗಿಂತ ಹತ್ತು ಡಿಗ್ರಿ ಬೆಚ್ಚಗಿರುವುದೂ ಉಂಟು. ತೀರ ಚಳಿಯಾದಾಗ ವಾಹನಗಳ ಹೊಗೆಯಲ್ಲಿರುವ ನೀರಾವಿ ಹೊರಬಿದ್ದ ಗಳಿಗೆಯಲ್ಲೇ ಹರಳುಗಟ್ಟಿ ‘ಐಸ್ ಫಾಗ್’ ಎಂಬ ಮಂಜು ರಸ್ತೆಯ ಮೇಲೆ ಕೂರುತ್ತದೆ, ಮುಂದಿನ ಕಾರಿನ ಕೆಂಪು ದೀಪವೂ ಕಾಣದಷ್ಟು. ಇದಕ್ಕೆ ಕಟ್ಟಿಗೆ ಒಲೆಗಳ ಹೊಗೆಯೂ ಸೇರಿಕೊಳ್ಳುತ್ತದೆ. ಚಳಿಗಾಲದ ವಾಯುಮಾಲಿನ್ಯದಲ್ಲಿ ಫೇರ್‌ಬ್ಯಾಂಕ್ಸ್ ಅಮೆರಿಕದ ಕೆಟ್ಟ ಊರುಗಳ ಸಾಲಿನಲ್ಲಿದೆ. ಇಬ್ಬರಲ್ಲಿ ಒಬ್ಬರಿಗೆ ಆಸ್ತಮಾ ಇದ್ದರೆ ನಾನು ಚಳಿಗಿಂತ ಮೊದಲು ಈ ಹೊಗೆಯ ಬಗ್ಗೆ ಯೋಚಿಸುತ್ತೇನೆ.

ಚಳಿ ದಿನಚರಿಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ತಿಳಿಯಲು ಒಂದು ಬೆಳಗನ್ನು ಹತ್ತಿರದಿಂದ ನೋಡಿದರೆ ಸಾಕು. ಹೊರಗೆ ಮೈನಸ್ 35 ಇದೆ, ಹತ್ತು ಗಂಟೆಗೆ ಒಂದು ಮನೆಗೆ ಹೋಗಬೇಕಾಗಿದೆ ಎಂದುಕೊಳ್ಳೋಣ. ಆ ಭೇಟಿಯ ಸಿದ್ಧತೆ ಹಿಂದಿನ ರಾತ್ರಿಯೇ ಆರಂಭವಾಗಿರುತ್ತದೆ: ಕಾರಿನ ಮುಂಭಾಗದಿಂದ ಬಾಲದಂತೆ ನೇತಾಡುವ ವಿದ್ಯುತ್ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸೇರಿಸಿ ಟೈಮರ್ ಇಟ್ಟಿರುತ್ತಾರೆ. ಈ ತಂತಿ ಹೋಗಿ ಸೇರುವುದು ಎಂಜಿನ್ನನ್ನು ಬೆಚ್ಚಗಿಡುವ ಬ್ಲಾಕ್ ಹೀಟರಿಗೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಅದು ಉರಿಯದಿದ್ದರೆ ಎಣ್ಣೆ ಜೇನಿನಂತೆ ಗಟ್ಟಿಯಾಗಿ ಎಂಜಿನ್ ತಿರುಗುವುದೇ ಇಲ್ಲ. ಬೆಳಿಗ್ಗೆ ಗಂಡ ಮೊದಲು ಹೊರಗೆ ಹೋಗಿ ಕಾರನ್ನು ಚಾಲೂ ಮಾಡಿ ಹತ್ತು ನಿಮಿಷ ಬಿಡುತ್ತಾನೆ, ಅದಕ್ಕೆ ಮುನ್ನ ಹೊಗೆಕೊಳವೆಯ ಬಾಯಿಗೆ ಹಿಮ ತುಂಬಿಲ್ಲವೆಂದು ಬಗ್ಗಿ ನೋಡುತ್ತಾನೆ. ಅದು ಮುಚ್ಚಿಕೊಂಡಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತಿರುಗಿ ಉಸಿರನ್ನೇ ತೆಗೆಯಬಹುದು. ತಂತಿಯನ್ನು ಬಿಡಿಸಿ ಸುತ್ತಲು ಹೋದರೆ ಅದು ಕಬ್ಬಿಣದ ಸಲಾಕೆಯಂತೆ ಸೆಟೆದಿರುತ್ತದೆ. ಕಾರು ಹೊರಟ ಮೇಲೂ ಮೊದಲ ಅರ್ಧ ಮೈಲಿ ‘ದಡ್ ದಡ್’ ಎನ್ನುತ್ತದೆ. ರಾತ್ರಿಯಿಡೀ ಒಂದೇ ಕಡೆ ನಿಂತ ಟೈರುಗಳ ತಳ ಚಪ್ಪಟೆಯಾಗಿ ಹೆಪ್ಪುಗಟ್ಟಿ, ಉರುಳಿ ಬಿಸಿಯಾಗುವವರೆಗೆ ಚಕ್ರ ದುಂಡಗಾಗುವುದಿಲ್ಲ. ಎಲ್ಲ ಕೂಡಿ, ಅರಿಜೋನಾದಲ್ಲಿ ಹತ್ತು ನಿಮಿಷದಲ್ಲಿ ಆಗುವ ಹೊರಡಾಟ ಇಲ್ಲಿ ಮುಕ್ಕಾಲು ಗಂಟೆಯದು. ದಿನಕ್ಕೆ ಆರು ಮನೆಗೆ ಹೋಗುತ್ತೇವೆಂದು ಯೋಜಿಸಿ ಬಂದವರು ಡಿಸೆಂಬರ್ ಹೊತ್ತಿಗೆ ಎರಡು ಮನೆಗೆ ಹೋಗಿ ಬಂದರೆ ದಿನ ತುಂಬಿತೆಂದು ಒಪ್ಪಿಕೊಂಡಿರುತ್ತಾರೆ.

ಈ ಕಾರಣಕ್ಕೆ ತಮ್ಮ ಸಹೋದ್ಯೋಗಿಗೆ ನಾನು ಹೇಳುವ ಮೊದಲ ಉಪಯೋಗದ ಮಾತು ಬಟ್ಟೆಯ ಬಗ್ಗೆ ಅಲ್ಲ, ಕಾರಿನ ಬಗ್ಗೆ. ಅಮೆರಿಕದೊಳಗೆ ಸೇವೆಗೆ ಹೋಗುವ ಅನೇಕ ದಂಪತಿಗಳು ತಮ್ಮ ಕಾರನ್ನೇ ಒಯ್ಯುತ್ತಾರೆ. ಅರಿಜೋನಾದಿಂದ ಹೊರಟು, ಕೆನಡಾದ ಡಾಸನ್ ಕ್ರೀಕ್‌ನಲ್ಲಿ ಆರಂಭವಾಗುವ ಅಲಾಸ್ಕಾ ಹೆದ್ದಾರಿಯನ್ನು ಹಿಡಿದು ಹೋಗುವ ಆ ಪ್ರಯಾಣವೇ ಒಂದು ಹಬ್ಬ. ಆದರೆ ಮರುಭೂಮಿಯ ಕಾರಿಗೆ ಬ್ಲಾಕ್ ಹೀಟರ್ ಇರುವುದಿಲ್ಲ, ಬ್ಯಾಟರಿಗೆ ಬೆಚ್ಚನೆಯ ಹೊದಿಕೆಯಿರುವುದಿಲ್ಲ. ಮೈನಸ್ 18ರಲ್ಲೇ ಸಾಧಾರಣ ಬ್ಯಾಟರಿಯ ಬಲ ಅರ್ಧಕ್ಕಿಳಿಯುತ್ತದೆ. ಗಾಜು ತೊಳೆಯಲು ತುಂಬಿಸಿದ ನೀರು ಗಟ್ಟಿಯಾಗಿ ಡಬ್ಬವನ್ನೇ ಸೀಳುತ್ತದೆ. ರೇಡಿಯೇಟರಿನಲ್ಲಿ ಆಂಟಿಫ್ರೀಜ್ ಮತ್ತು ನೀರು ಸಮಸಮವಾಗಿದ್ದರೆ ಅದು ಕಾಯುವುದು ಮೈನಸ್ 37ರವರೆಗೆ ಮಾತ್ರ. ಫೇರ್‌ಬ್ಯಾಂಕ್ಸ್‌ಗೆ ಅದಕ್ಕಿಂತ ಗಟ್ಟಿ ಮಿಶ್ರಣ ಬೇಕು. ಈ ಕೆಲಸಗಳನ್ನು ಅಲ್ಲಿಗೆ ತಲುಪಿದ ಕೂಡಲೇ, ಅಕ್ಟೋಬರಿನಲ್ಲಿ ಗ್ಯಾರೇಜುಗಳ ಮುಂದೆ ಸಾಲು ಬೆಳೆಯುವ ಮುನ್ನ ಮಾಡಿಸಿಕೊಳ್ಳಬೇಕು. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬಾರದು, ಕಂಬಳಿ, ಸಲಿಕೆ, ಮೇಣದ ಬತ್ತಿ, ಒಣ ಗವಸುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ ಹಿಂದಿನ ಸೀಟಿನಲ್ಲಿ ಇಡಬೇಕು. ಡಿಕ್ಕಿಯ ಬೀಗ ಹೆಪ್ಪುಗಟ್ಟಿದ ದಿನ ಈ ಮಾತಿನ ಅರ್ಥ ತಿಳಿಯುತ್ತದೆ.

ಬಟ್ಟೆಯ ವಿಚಾರದಲ್ಲಿ ಸಭೆಯ ನಿಯಮ ಚಳಿಗೆ ಬಹಳ ದಿನ ಬಗ್ಗಲಿಲ್ಲ. ಮಹಿಳೆಯರು ಸ್ಕರ್ಟ್ ಅಥವಾ ಉದ್ದನೆಯ ಉಡುಪನ್ನೇ ಧರಿಸಬೇಕೆಂಬ ಪದ್ಧತಿಯಿತ್ತು. ಮಹಿಳಾ ಮಿಷನರಿಗಳು ಪ್ಯಾಂಟ್ ಧರಿಸಬಹುದೆಂಬ ಅನುಮತಿ ಬಂದದ್ದು 2018ರ ಡಿಸೆಂಬರಿನಲ್ಲಿ. ತಡವಾಯಿತು ಎಂದು ನನಗನ್ನಿಸುತ್ತದೆ, ಆದರೆ ಬಂತು. ಒಳಗೆ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಬದಲು ಉಣ್ಣೆ, ಅದರ ಮೇಲೆ ಗಾಳಿಯನ್ನು ಹಿಡಿದಿಡುವ ಇನ್ನೊಂದು ಪದರ, ಹೊರಗೆ ಗಾಳಿ ತಡೆಯುವ ಕೋಟು; ಬೆರಳುಗಳನ್ನು ಬೇರೆ ಬೇರೆ ಇಡುವ ಗವಸಿಗಿಂತ ನಾಲ್ಕನ್ನೂ ಒಟ್ಟಿಗೆ ಇಡುವ ಗವಸು; ಎರಡು ಜೊತೆ ಕಾಲುಚೀಲ ಸಡಿಲವಾಗಿ ಹಿಡಿಯುವಂತೆ ಒಂದು ಅಳತೆ ದೊಡ್ಡ ಬೂಟು. ಇಷ್ಟನ್ನು ಹಾಕಿಕೊಂಡ ಮೇಲೆ ಸೂಟಿನ ಮೇಲಿನ ಹೆಸರುಫಲಕ ಮೂರು ಪದರದಡಿ ಮುಚ್ಚಿಹೋಗಿರುತ್ತದೆ. ರಸ್ತೆಯಲ್ಲಿ ಅವರು ಮಿಷನರಿಗಳೆಂದು ಯಾರಿಗೂ ತಿಳಿಯುವುದಿಲ್ಲ. ಉಳಿದವರಂತೆ ಎರಡು ಕಣ್ಣು ಮಾತ್ರ ಕಾಣುವ ಎರಡು ಮೂಟೆಗಳು.

ಈ ಸಭೆಯ ಮಿಷನರಿಗಳು ಜೊತೆಗಾರರನ್ನು ಬಿಟ್ಟು ಒಬ್ಬಂಟಿಯಾಗಿ ಓಡಾಡಬಾರದೆಂಬ ಹಳೆಯ ನಿಯಮವಿದೆ. ಹಿರಿಯರಿಗೆ ಅದು ತುಸು ಸಡಿಲವಾದರೂ, ಚಳಿಪ್ರದೇಶದಲ್ಲಿ ಅದನ್ನು ಬಿಗಿಯಾಗಿಯೇ ಪಾಲಿಸುವುದು ಲೇಸು, ಮತ್ತು ಇದರ ಕಾರಣ ಧಾರ್ಮಿಕವಲ್ಲ. ಮೈನಸ್ 20ರಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33ರಂತೆ ತಾಕುತ್ತದೆ; ತೆರೆದ ಕೆನ್ನೆ, ಮೂಗಿನ ತುದಿ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೆಪ್ಪುಗಟ್ಟಲು ಆರಂಭಿಸಬಹುದು. ಹಾಗೆ ಆಗುವಾಗ ಮೊದಲು ಚುಚ್ಚುತ್ತದೆ, ಆಮೇಲೆ ನೋವು ನಿಂತುಹೋಗುತ್ತದೆ. ನೋವು ನಿಂತದ್ದನ್ನು ಸುಧಾರಿಸಿತೆಂದು ತಿಳಿಯುವುದೇ ಅಪಾಯ. ಮೇಣದಂತೆ ಬೆಳ್ಳಗಾದ ಆ ಚುಕ್ಕೆ ಆದವರಿಗೆ ಕಾಣಿಸುವುದಿಲ್ಲ, ಎದುರಿಗಿದ್ದವರಿಗೆ ಕಾಣಿಸುತ್ತದೆ. ಹಾಗಾಗಿ ಆ ಊರಿನಲ್ಲಿ ಹೆಂಡತಿ ಗಂಡನ ಮೂಗನ್ನೂ ಗಂಡ ಹೆಂಡತಿಯ ಕೆನ್ನೆಯನ್ನೂ ಆಗಾಗ ನೋಡುತ್ತಿರುವುದು ದಿನಚರಿಯ ಭಾಗ. ಚುಕ್ಕೆ ಕಂಡರೆ ಉಜ್ಜಬಾರದು, ಹಿಮವನ್ನಂತೂ ತಿಕ್ಕಲೇಬಾರದು; ಅಂಗೈಯ ಬಿಸಿ ತಾಕಿಸಿ ಒಳಗೆ ಕರೆದೊಯ್ಯಬೇಕು.

ಒಳಗೆ ಹೋಗುವುದೂ ಒಂದು ಕ್ರಮ. ಅಲಾಸ್ಕಾದ ಮನೆಗಳಿಗೆ ‘ಆರ್ಕ್ಟಿಕ್ ಎಂಟ್ರಿ’ ಎಂಬ ಪುಟ್ಟ ನಡುಕೋಣೆ ಇರುತ್ತದೆ: ಹೊರಬಾಗಿಲನ್ನು ಮುಚ್ಚಿದ ಮೇಲಷ್ಟೇ ಒಳಬಾಗಿಲನ್ನು ತೆರೆಯಬೇಕು, ಇಲ್ಲವಾದರೆ ಮನೆಯ ಶಾಖವೆಲ್ಲ ಒಮ್ಮೆಗೇ ಹೊರಟುಹೋಗುತ್ತದೆ. ಆ ಇಕ್ಕಟ್ಟಿನಲ್ಲಿ ಇಬ್ಬರು ಹಿರಿಯರು ಗೋಡೆಗೆ ಒರಗಿ ಬೂಟು ಬಿಚ್ಚಿ, ಕೋಟು ಕಳಚಿ, ಮಂಜುಗಟ್ಟಿ ಬೆಳ್ಳಗಾದ ಕನ್ನಡಕ ತಿಳಿಯಾಗುವವರೆಗೆ ಕುರುಡರಂತೆ ಕಾದು, ಕಾಲುಚೀಲದಲ್ಲೇ ಒಳಗೆ ಬರುತ್ತಾರೆ. ಆಗ ಮಾತ್ರ ಹೆಸರುಫಲಕ ಹೊರಗೆ ಕಾಣುತ್ತದೆ. ಇಷ್ಟು ಪಾಡುಪಟ್ಟು ಬಂದವರು ಐದು ನಿಮಿಷದಲ್ಲಿ ಎದ್ದು ಹೋಗುವುದಿಲ್ಲ, ಮನೆಯವರೂ ಹೋಗಗೊಡುವುದಿಲ್ಲ. ಭೇಟಿಗಳ ಸಂಖ್ಯೆ ಇಳಿದಂತೆ ಒಂದೊಂದರ ಉದ್ದ ಬೆಳೆಯುತ್ತದೆ. ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಕೊಳಾಯಿಯೇ ಇಲ್ಲದ, ‘ಡ್ರೈ ಕ್ಯಾಬಿನ್’ ಎನ್ನುವ ಮನೆಗಳು ಬಹಳ. ತಳದ ನೆಲ ವರ್ಷವಿಡೀ ಹೆಪ್ಪುಗಟ್ಟಿರುವ ಕಡೆ ಬಾವಿ, ಕೊಳವೆ ಎರಡೂ ದುಬಾರಿಯಾದ್ದರಿಂದ ಜನ ಊರಿನ ನೀರಿನ ಕೇಂದ್ರದಿಂದ ಡಬ್ಬಗಳಲ್ಲಿ ನೀರು ತುಂಬಿಸಿ ತರುತ್ತಾರೆ. ಅಂಥ ಮನೆಯ ಒಂಟಿ ವೃದ್ಧರಿಗೆ ಕಾರಿನಲ್ಲಿ ಎರಡು ಡಬ್ಬ ನೀರು ತಂದುಕೊಡುವವರಿಗಿಂತ ಬೇರೆ ಧರ್ಮೋಪದೇಶಕರು ಬೇಕಾಗಿಲ್ಲ.

ಆತಿಥ್ಯದಲ್ಲಿ ಒಂದು ಸಣ್ಣ ಬಿಕ್ಕಟ್ಟು ಬರುತ್ತದೆ. ಚಳಿನಾಡಿನಲ್ಲಿ ಬಂದವರ ಕೈಗೆ ಮೊದಲು ಕೊಡುವುದು ಬಿಸಿ ಲೋಟವನ್ನು, ಮತ್ತು ಅದರಲ್ಲಿರುವುದು ಬಹುತೇಕ ಕಾಫಿ. ಈ ಸಭೆಯವರು 1833ರಿಂದ ಬಂದ ಆರೋಗ್ಯ ನಿಯಮದಂತೆ ಕಾಫಿ, ಚಹಾ, ಮದ್ಯ, ತಂಬಾಕು ಮುಟ್ಟುವುದಿಲ್ಲ. ಮಂಗೋಲಿಯದಲ್ಲಿ ಈ ತೊಡಕು ಇನ್ನೂ ಹೆಚ್ಚು, ಅಲ್ಲಿ ಉಪ್ಪು ಹಾಕಿದ ಹಾಲಿನ ಚಹಾವನ್ನು ಬೇಡವೆನ್ನುವುದು ಮನೆಯನ್ನೇ ಬೇಡವೆಂದಂತೆ. ಅನುಭವಿ ದಂಪತಿಗಳು ನಿಯಮವನ್ನು ವಿವರಿಸಲು ಹೋಗುವುದಿಲ್ಲ. ಲೋಟದ ಬಿಸಿಯನ್ನು ಬೇಡವೆನ್ನದೆ, ಅದರೊಳಗಿನದನ್ನಷ್ಟೇ ಬದಲಿಸಿ ಕೇಳುತ್ತಾರೆ: ‘ಬರಿಯ ಬಿಸಿನೀರು ಕೊಟ್ಟರೆ ಸಾಕು, ಕೈ ಬೆಚ್ಚಗಾಗುತ್ತದೆ.’ ಎರಡನೆಯ ಭೇಟಿಗೆ ಆ ಮನೆಯಲ್ಲಿ ಬಿಸಿ ಚಾಕೊಲೇಟ್ ತಂದಿಟ್ಟಿರುತ್ತಾರೆ.

ಆರೋಗ್ಯದ ಬಗ್ಗೆ ತಾವು ಕೇಳಿದ್ದೀರಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅರವತ್ತೈದು ದಾಟಿದವರಿಗೆ ಅಲ್ಲಿ ನಿಜವಾದ ಶತ್ರು ಜಾರಿ ಬೀಳುವುದು; ಹಿಮಗಡಿತ ಆಮೇಲಿನದು. ವಿಚಿತ್ರವೆಂದರೆ ಮೈನಸ್ 35ರಲ್ಲಿ ಮಂಜುಗಡ್ಡೆ ಒರಟಾಗಿ ಬೂಟಿಗೆ ಹಿಡಿತ ಕೊಡುತ್ತದೆ. ಕೊಲ್ಲುವುದು ಸೊನ್ನೆಯ ಆಸುಪಾಸಿನ ದಿನ, ಮೇಲ್ಮೈ ಕರಗಿ ನೀರಿನ ಪೊರೆ ನಿಂತಾಗ. ‘ಈ ಹೊತ್ತು ಬೆಚ್ಚಗಿದೆ’ ಎಂದು ಉಲ್ಲಾಸದಿಂದ ಹೊರಬಿದ್ದ ದಿನವೇ ಸೊಂಟದ ಮೂಳೆ ಮುರಿಯುವ ದಿನ. ಬೂಟಿನಡಿ ಕಟ್ಟಿಕೊಳ್ಳುವ ಮುಳ್ಳುಪಟ್ಟಿಗಳನ್ನು ಎರಡೆರಡು ಜೊತೆ ಕೊಳ್ಳಲಿ, ಕೈಗಳನ್ನು ಜೇಬಿನಲ್ಲಿಟ್ಟು ನಡೆಯದಿರಲಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ರಕ್ತದೊತ್ತಡ ಏರುತ್ತದೆ. ಆ ಸ್ಥಿತಿಯಲ್ಲಿ ಸಲಿಕೆ ಹಿಡಿದು ಒದ್ದೆ ಹಿಮವನ್ನು ಎತ್ತುವುದು ಹೃದಯಾಘಾತಕ್ಕೆ ಹೆಸರಾದ ಕೆಲಸ. ಚರ್ಚಿನ ಅಂಗಳದ ಹಿಮ ತೆಗೆಯುವ ಸೇವೆಗೆ ಉತ್ಸಾಹದಿಂದ ಮುಂದಾಗುವ 68ರ ಎಲ್ಡರಿಗೆ ಅವರ ಪತ್ನಿಯೇ ಅಡ್ಡ ನಿಲ್ಲಬೇಕು, ಆ ಕೆಲಸಕ್ಕೆ ತರುಣರು ಇದ್ದಾರೆ. ವಯಸ್ಸಾದಂತೆ ನಡುಕ ಹುಟ್ಟುವುದೂ ಚಳಿ ತಾಕಿದೆಯೆಂದು ಅರಿವಾಗುವುದೂ ಎರಡೂ ನಿಧಾನವಾಗುತ್ತವೆ. ದೇಹದ ಒಳಶಾಖ 35 ಡಿಗ್ರಿಗಿಂತ ಕೆಳಗಿಳಿದವರು ‘ನನಗೇನೂ ಆಗಿಲ್ಲ’ ಎಂದೇ ಹೇಳುತ್ತಾರೆ, ತೊದಲುತ್ತ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಅದು ಕೈಚೀಲದಲ್ಲಿ ಇರಬಾರದು, ಒಳಂಗಿಯ ಜೇಬಿನಲ್ಲಿ ಮೈಗೆ ತಾಗಿ ಇರಬೇಕು. ಕಿವಿಯ ಯಂತ್ರದ ಬ್ಯಾಟರಿಗೂ ಮೊಬೈಲಿಗೂ ಇದೇ ಮಾತು. ಮನೆಯೊಳಗೆ ಇನ್ನೊಂದು ತೊಂದರೆ: ಮೈನಸ್ 30ರ ಗಾಳಿಯನ್ನು 21 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ನೂರಕ್ಕೆ 3ರಷ್ಟೂ ಉಳಿಯದು. ಮರುಭೂಮಿಯ ಇವರಿಗೆ ಒಣಗಾಳಿ ಹೊಸದಲ್ಲವೆನ್ನಬಹುದು, ಆದರೂ ಮೂಗಿನಿಂದ ರಕ್ತ ಬರುವಷ್ಟು ಒಣಗುತ್ತದೆ.

ಕತ್ತಲು ಚಳಿಗಿಂತ ಮೆಲ್ಲಗೆ ಕೆಲಸ ಮಾಡುತ್ತದೆ. ಡಿಸೆಂಬರ್ 21ರಂದು ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ಕಾಣುವುದು ನಾಲ್ಕು ಗಂಟೆಗೂ ಕಡಿಮೆ; ಅದೂ ದಿಗಂತದ ಅಂಚಿನಲ್ಲಿ ತೆವಳಿ ಮುಳುಗುತ್ತಾನೆ. ವರ್ಷಕ್ಕೆ ಮುನ್ನೂರು ದಿನ ಬಿಸಿಲು ಕಂಡವರಿಗೆ ಮೊದಲ ಕೆಲವು ವಾರ ಇದು ಕೌತುಕ, ಜನವರಿಯ ಹೊತ್ತಿಗೆ ಜಡತೆ. ಬೆಳಿಗ್ಗೆ ಏಳಲಾಗದು, ಸಿಹಿ ತಿನ್ನುವ ಆಸೆ ಹೆಚ್ಚುತ್ತದೆ, ಚಿಕ್ಕ ಮಾತಿಗೆ ಕಣ್ಣು ತುಂಬುತ್ತದೆ. ಇದನ್ನು ನಂಬಿಕೆಯ ಕೊರತೆಯೆಂದು ಭಾವಿಸಿ ಹೆಚ್ಚು ಪ್ರಾರ್ಥಿಸಿ ಸುಮ್ಮನಿರುವವರಿದ್ದಾರೆ. ಋತುಮಾನದ ಈ ಖಿನ್ನತೆಯನ್ನು ವೈದ್ಯಶಾಸ್ತ್ರ 1984ರಲ್ಲೇ ಹೆಸರಿಟ್ಟು ಗುರುತಿಸಿದೆ. ಬೆಳಿಗ್ಗೆ ಎದ್ದ ಕೂಡಲೇ 10,000 ಲಕ್ಸ್ ಬೆಳಕಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ಕುಳಿತು ಧರ್ಮಗ್ರಂಥ ಓದಿದರೆ ಎರಡೂ ಕೆಲಸ ಒಟ್ಟಿಗಾಗುತ್ತವೆ. ಕಣ್ಣಿನ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ಚಳಿಗಾಲದ ತಿಂಗಳುಗಳಲ್ಲಿ ಅಷ್ಟು ಉತ್ತರದಲ್ಲಿ ಬಿಸಿಲಿನಿಂದ ವಿಟಮಿನ್ ಡಿ ಹುಟ್ಟುವುದಿಲ್ಲವಾದ್ದರಿಂದ ಅದನ್ನು ಮಾತ್ರೆಯಾಗಿ ತೆಗೆದುಕೊಳ್ಳುವ ಬಗ್ಗೆಯೂ ಆಗಲೇ ವಿಚಾರಿಸಲಿ. ಜೂನಿನಲ್ಲಿ ಕಥೆ ತಿರುಗುಮುರುಗಾಗುತ್ತದೆ, ರಾತ್ರಿಯೇ ಆಗುವುದಿಲ್ಲ. ಆಗ ಬೇಕಾಗುವುದು ದಪ್ಪ ಕಪ್ಪು ಪರದೆ.

ದಂಪತಿಯಾಗಿ ಬಾಳುವ ಬಗ್ಗೆ ತಾವು ಕೇಳಿಲ್ಲ, ಆದರೆ ಬಿಡುವಂತಿಲ್ಲ. ನಲವತ್ತು ವರ್ಷ ಗಂಡ ಕಚೇರಿಗೆ, ಹೆಂಡತಿ ತನ್ನ ಕೆಲಸಕ್ಕೆ ಎಂದು ಹಗಲೆಲ್ಲ ಬೇರೆ ಇದ್ದವರು ಇದ್ದಕ್ಕಿದ್ದಂತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಒಂದೇ ಕಾರಿನಲ್ಲಿ, ಒಂದೇ ಕೆಲಸದಲ್ಲಿ ಇಪ್ಪತ್ತನಾಲ್ಕು ಗಂಟೆ ಜೊತೆಗಿರುತ್ತಾರೆ. ಹೊರಗೆ ಒಂದು ಸುತ್ತು ನಡೆದು ಬಂದು ಮನಸ್ಸು ತಿಳಿಯಾಗಿಸಿಕೊಳ್ಳುವ ಉಪಾಯವನ್ನೂ ಚಳಿ ಕಸಿದುಕೊಂಡಿರುತ್ತದೆ. ವಾರಕ್ಕೊಂದು ಸಿದ್ಧತಾ ದಿನವಿದೆ, ಅಂದು ಬಟ್ಟೆ, ಸಾಮಾನು, ಪತ್ರ. ಅದರಲ್ಲಿ ಎರಡು ಗಂಟೆ ಒಬ್ಬೊಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಾತಿಲ್ಲದೆ ಕಳೆಯುವುದನ್ನು ನಿಯಮ ಮಾಡಿಕೊಂಡವರು ಜಾಣರು. ಮೊಮ್ಮಕ್ಕಳ ಹಂಬಲವನ್ನು ವಿಡಿಯೋ ಕರೆ ಅರ್ಧ ತಣಿಸುತ್ತದೆ. ಅರಿಜೋನಾಕ್ಕೂ ಅಲಾಸ್ಕಾಕ್ಕೂ ಚಳಿಗಾಲದಲ್ಲಿ ಎರಡು ಗಂಟೆಯ ಅಂತರವಷ್ಟೆ. ಇನ್ನರ್ಧವನ್ನು ತಣಿಸುವವರು ತರುಣ ಮಿಷನರಿಗಳು. ಮನೆ ಬಿಟ್ಟು ಬಂದ ಆ ಹುಡುಗರು ಗುಂಡಿ ಕಿತ್ತ ಕೋಟು, ಸೋರುವ ಬೂಟು, ಹಸಿದ ಹೊಟ್ಟೆ ತೆಗೆದುಕೊಂಡು ಈ ಅಜ್ಜ ಅಜ್ಜಿಯ ಬಳಿಗೇ ಬರುತ್ತಾರೆ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಇದು ಸಂಬಳದ ಕೆಲಸವಲ್ಲ. ಬಾಡಿಗೆ, ಊಟ, ಪೆಟ್ರೋಲ್, ವಿಮೆ ಎಲ್ಲವನ್ನೂ ದಂಪತಿ ತಮ್ಮ ಉಳಿತಾಯ ಮತ್ತು ಪಿಂಚಣಿಯಿಂದಲೇ ನಡೆಸುತ್ತಾರೆ. ವಸತಿಯ ಹೊರೆ ತೀರ ಹೆಚ್ಚಾಗದಿರಲೆಂದು 2011ರಲ್ಲಿ ಸಭೆ ತಿಂಗಳಿಗೆ 1,400 ಡಾಲರಿನ ಮಿತಿ ಹಾಕಿತು, ಮಿತಿ ಮೀರಿದ್ದನ್ನು ಸಭೆಯ ನಿಧಿ ಭರಿಸುತ್ತದೆ. ಇಂಥ ಮೊತ್ತಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿಯ ಹೊತ್ತಿನ ಅಂಕಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಲಿ. ಹಿರಿಯರಿಗೆ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಹೊರದೇಶಕ್ಕೆ ಹೋಗುವವರಿಗೆ ಬಹುತೇಕ ಉಪಯೋಗಕ್ಕೆ ಬಾರದು, ಅಲಾಸ್ಕಾದಲ್ಲಿ ಆ ತೊಡಕಿಲ್ಲ. ಆದರೆ ಅವರದು ನಿಗದಿತ ಆಸ್ಪತ್ರೆಗಳಿಗೆ ಮಾತ್ರ ಅನ್ವಯಿಸುವ ಮೆಡಿಕೇರ್ ಅಡ್ವಾಂಟೇಜ್ ಆಗಿದ್ದರೆ ಹೊರಡುವ ಮುನ್ನವೇ ವಿಮಾ ಕಂಪನಿಯನ್ನು ಕೇಳಬೇಕು.

ಕೊನೆಗೆ, ಅರ್ಜಿ ಇನ್ನೂ ಸಲ್ಲಿಕೆಯಾಗಿಲ್ಲವೆಂದು ತಾವು ಬರೆದಿರುವುದರಿಂದ ಒಂದು ಲೆಕ್ಕವನ್ನು ಅವರ ಮುಂದಿಡಿ. ಹಿರಿಯ ದಂಪತಿಗಳು ತಾವು ಎಂದಿನಿಂದ ಹೊರಡಲು ಸಿದ್ಧ ಎಂಬುದನ್ನು ಸೂಚಿಸಬಹುದು. ಆಗಸ್ಟಿನಲ್ಲಿ ಆರಂಭಿಸಿದರೆ 18 ತಿಂಗಳು ಮುಗಿಯುವುದು ಫೆಬ್ರವರಿಯಲ್ಲಿ, ಆಗ ಎರಡು ಚಳಿಗಾಲ, ಒಂದೇ ಬೇಸಿಗೆ. ಏಪ್ರಿಲಿನಲ್ಲಿ ಆರಂಭಿಸಿದರೆ ಮುಗಿಯುವುದು ಅಕ್ಟೋಬರಿನಲ್ಲಿ: ಎರಡು ಬೇಸಿಗೆ, ನಡುವೆ ಒಂದೇ ಚಳಿಗಾಲ. ರಸ್ತೆ, ಮನೆ, ಜನ ಎಲ್ಲ ಪರಿಚಯವಾದ ಮೇಲೆ ಹಿಮ ಬೀಳುತ್ತದೆ, ಕಾರನ್ನು ಸಜ್ಜುಗೊಳಿಸಲೂ ಆರು ತಿಂಗಳು ಸಿಗುತ್ತದೆ. ಹಾಗೆ ಬಂದರೆ ಊರು ವರ್ಷವಿಡೀ ಕಾಯುವ ಗಳಿಗೆಯನ್ನು ಬಂದ ಹೊಸದರಲ್ಲೇ ಕಾಣಬಹುದು. ಫೇರ್‌ಬ್ಯಾಂಕ್ಸ್‌ನ ನೈಋತ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದ ನೆನಾನಾದಲ್ಲಿ, ಹೆಪ್ಪುಗಟ್ಟಿದ ಟನಾನಾ ನದಿಯ ಮೇಲೆ ಮರದ ಒಂದು ಗೋಪುರ ನಿಲ್ಲಿಸಿ, ಅದಕ್ಕೆ ದಡದ ಗಡಿಯಾರವೊಂದನ್ನು ಹಗ್ಗದಿಂದ ಜೋಡಿಸಿರುತ್ತಾರೆ. ಮಂಜುಗಡ್ಡೆ ಒಡೆದು ಗೋಪುರ ಸರಿದ ಕ್ಷಣ ಗಡಿಯಾರ ನಿಲ್ಲುತ್ತದೆ. ಆ ನಿಮಿಷವನ್ನು ಊಹಿಸಿ ಹಣ ಕಟ್ಟುವ ಪದ್ಧತಿ 1917ರಿಂದ ನಡೆದುಬಂದಿದೆ. ಪಣ ಕಟ್ಟುವುದನ್ನು ಈ ಸಭೆ ಒಪ್ಪುವುದಿಲ್ಲವಾದ್ದರಿಂದ ನಿಮ್ಮ ಸಹೋದ್ಯೋಗಿ ಟಿಕೆಟ್ ಕೊಳ್ಳಲಾರರು. ದಡದಲ್ಲಿ ನಿಂತು ನೋಡಲು ಟಿಕೆಟ್ ಬೇಡ, ಆದರೆ ಆ ದಿನವೂ ಬೂಟಿನಡಿ ಮುಳ್ಳುಪಟ್ಟಿ ಕಟ್ಟಿಕೊಂಡೇ ಹೋಗಲಿ.